ಪ್ರಶಸ್ತಿಯ ಪಟ್ಟಿಯೂ ಪುರವಂತರ ಒಡಪೂ

ಶಿಗ್ಗಾಂವಿ ತಾಲ್ಲೂಕಿನ ತಡಸದಿಂದ ನಮ್ಮ ಪತ್ರಿಕೆಯ ಹಳೆಯ ಚಂದಾದಾರರೊಬ್ಬರು ನಾಲ್ಕು ಪುಟಗಳ ಪತ್ರವೊಂದನ್ನು ಬರೆದಿದ್ದಾರೆ. ಹೆಸರನ್ನು ಪ್ರಕಟಿಸಕೂಡದೆಂದು ಕೋರಿರುವುದರಿಂದ ಅದನ್ನಿಲ್ಲಿ ಕಾಣಿಸಿಲ್ಲ. ಅವರ ಮಗ ಹುಬ್ಬಳ್ಳಿಯಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವವನು. ಓದಿನಲ್ಲಿ ಹಿಂದುಳಿದವನಲ್ಲ. ಆದರೆ ಒಂದು ವರ್ಷದಿಂದ ಅವನಿಗೆ ರ್‍ಯಾಪ್ ಎಂಬ ಹಾಡುಗಾರಿಕೆಯ ಹುಚ್ಚು ಹತ್ತಿದೆ. ರಾತ್ರಿಯೆಲ್ಲ ಪ್ರಾಸ ಕೂಡಿಸುತ್ತ ಕುಳಿತಿರುತ್ತಾನೆ, ಮುಂದೆ ಅದನ್ನೇ ವೃತ್ತಿಯಾಗಿ ಹಿಡಿದು ಸಿನಿಮಾದಲ್ಲಿಯೂ ನಟಿಸುವೆನೆನ್ನುತ್ತಾನೆ. ತಂದೆ ಇದನ್ನು ಕೇಳಿ ನಕ್ಕರಂತೆ. ಆಗ ಮಗ ತನ್ನ ಮೊಬೈಲಿನಲ್ಲಿ ಯಾವನೋ ರ್‍ಯಾಪ್ ಗಾಯಕ-ನಟನು ಪಡೆದ ಪ್ರಶಸ್ತಿಗಳ ಉದ್ದನೆಯ ಪಟ್ಟಿಯನ್ನು ತೋರಿಸಿ, "ಎಪ್ಪಾ, ನೀ ಹಿಂಗ ನಗಬ್ಯಾಡ, ಇವಗ ಎಷ್ಟ ಪ್ರಶಸ್ತಿ ಬಂದಾವ ನೋಡು" ಎಂದನಂತೆ. ಮಾತಿಗೆ ಮಾತು ಬೆಳೆದು ಎರಡು ತಿಂಗಳಿಂದ ತಂದೆ ಮಕ್ಕಳಲ್ಲಿ ಮಾತುಕತೆಯಿಲ್ಲ. ನಡುವೆ ತಾಯಿ ಇಬ್ಬರ ತಟ್ಟೆಗೂ ರೊಟ್ಟಿ ಹಾಕುತ್ತ, ಇವನ ಮಾತನ್ನು ಅವರಿಗೂ ಅವರ ಮಾತನ್ನು ಇವನಿಗೂ ಮುಟ್ಟಿಸುತ್ತ ದಿನ ದೂಡುತ್ತಿದ್ದಾರೆ. "ಆ ಪಟ್ಟಿಯಲ್ಲಿ 'ನಾಮನಿರ್ದೇಶನ' ಎಂದು ಹತ್ತಾರು ಕಡೆ ಬರೆದಿತ್ತು. ಅದೇನು? ಈ ಪ್ರಶಸ್ತಿಗಳಿಗೆ ಬೆಲೆಯುಂಟೋ? ಇದು ನಮ್ಮ ಮನೆತನಕ್ಕೆ ಒಪ್ಪುವ ವಿದ್ಯೆಯೋ?" ಎಂದು ಶರಣರು ಕೇಳಿದ್ದಾರೆ.

ಮಠದ ಪಾಠಶಾಲೆಯಲ್ಲಿ ಅಮರಕೋಶ, ಶಬ್ದಮಣಿದರ್ಪಣಗಳನ್ನು ಉರು ಹಾಕಿದವನಿಗೆ ಈ ಪ್ರಶ್ನೆ ಕೇಳುವುದೇ ಸೋಜಿಗವೆಂದು ಕೆಲವರಿಗೆ ತೋರೀತು. ಆದರೆ ಒಂದು ಮನೆಯ ಮಾತುಕತೆ ನಿಂತಿದೆಯೆಂದ ಮೇಲೆ ಅದು ಈ ಅಂಕಣಕ್ಕೆ ಹೊರಗಿನ ವಿಷಯವಲ್ಲ.

ರ್‍ಯಾಪ್ ಎಂಬುದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ೧೯೭೩ರ ಸುಮಾರಿಗೆ ಹುಟ್ಟಿದ ಕಲೆ. ಅಲ್ಲಿಯ ಕರಿಯ ಜನಾಂಗದ ತರುಣರು ತಾಳದ ಬಡಿತವೊಂದನ್ನು ನಿಲ್ಲದಂತೆ ನುಡಿಸುತ್ತ, ಅದರ ಮೇಲೆ ಪ್ರಾಸಬದ್ಧವಾದ ಮಾತನ್ನು ಓಟದ ಲಯದಲ್ಲಿ ಹೇಳತೊಡಗಿದರು. ರಾಗದ ವಿಸ್ತಾರ ಅದರಲ್ಲಿಲ್ಲ. ಮಾತು ತಾಳಕ್ಕೆ ಕಟ್ಟುಬಿದ್ದು ಓಡುವುದೇ ಅದರ ಜೀವಾಳ. ಇಷ್ಟನ್ನು ತಿಳಿದೊಡನೆ ನನಗೆ ನೆನಪಾದದ್ದು ನಮ್ಮ ಪುರವಂತರ ಒಡಪು.

ನಮ್ಮ ಮನೆತನಗಳಲ್ಲಿ ಮದುವೆಯ ಮುನ್ನ ಗುಗ್ಗಳ ತೆಗೆಯುವಾಗ ಪುರವಂತರು ಬರುವುದನ್ನು ಹಾವೇರಿ-ಧಾರವಾಡ ಸೀಮೆಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಕಾಸೆ ಬಿಗಿದು, ಹಣೆತುಂಬ ವಿಭೂತಿ ಧರಿಸಿ, ಕೈಯಲ್ಲಿ ಖಡ್ಗ ಹಿಡಿದು, ಸಮ್ಮಾಳದ ಬಡಿತಕ್ಕೆ ಹೆಜ್ಜೆಯಿಕ್ಕುತ್ತ ಅವರು ಒಡಪು ಹೇಳುತ್ತಾರೆ. ದಕ್ಷಬ್ರಹ್ಮನು ಯಜ್ಞಕ್ಕೆ ಶಿವನನ್ನು ಕರೆಯದೆ ಹೋದದ್ದು, ದಾಕ್ಷಾಯಣಿ ಅಗ್ನಿಪ್ರವೇಶ ಮಾಡಿದ್ದು, ವೀರಭದ್ರನು ಅವತರಿಸಿ ದಕ್ಷನ ಶಿರವನ್ನು ತರಿದದ್ದು, ಈ ಕಥೆಯೆಲ್ಲ ಗದ್ಯವೂ ಅಲ್ಲದ ಪದ್ಯವೂ ಅಲ್ಲದ ಒಂದು ಲಯದಲ್ಲಿ, ಉಸಿರು ಬಿಡಲೂ ಪುರಸೊತ್ತಿಲ್ಲದಂತೆ ಹರಿದುಬರುತ್ತದೆ. ಒಂದು ಘಟ್ಟ ಮುಗಿದೊಡನೆ ವಾದ್ಯ ಮೊಳಗುತ್ತದೆ, ಸುತ್ತ ನಿಂತವರು ಉದ್ಘೋಷಿಸುತ್ತಾರೆ, ಪುರವಂತರು ಮತ್ತೆ ಮುಂದಿನ ಘಟ್ಟಕ್ಕೆ ನೆಗೆಯುತ್ತಾರೆ. ಬರಿಯ ಹೇಳಿಕೆಯೂ ಅಲ್ಲ. ಕಣ್ಣು ಕೆಂಪಗೆ ಮಾಡಿ ಖಡ್ಗ ಝಳಪಿಸುವಾಗ ಅವರೇ ವೀರಭದ್ರರು, ನಡುವೆ ದಕ್ಷನ ಗರ್ವದ ಮಾತನ್ನಾಡುವಾಗ ಅವರೇ ದಕ್ಷರು. ಅಂದಮೇಲೆ ಲಯದಲ್ಲಿ ನುಡಿಯುವವನೇ ನಟಿಸುವವನೂ ಆಗಿರುವುದು ನಮ್ಮ ಅಂಗಳಕ್ಕೆ ಹೊಸದಲ್ಲ.

ಅದೇ ರೀತಿ ಗೀಗೀ ಮೇಳಗಳ ಹರದೇಶಿ-ನಾಗೇಶಿ ವಾದವನ್ನೂ ನೆನೆಯಬಹುದು. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರು ನಿಂತು, ಒಂದು ಶಿವನೇ ಹೆಚ್ಚೆಂದೂ ಇನ್ನೊಂದು ಶಕ್ತಿಯೇ ಹೆಚ್ಚೆಂದೂ ದಪ್ಪಿನ ಗತ್ತಿನ ಮೇಲೆ, ತುಂತುಣಿಯ ಶ್ರುತಿಯಲ್ಲಿ ಬೆಳಕು ಹರಿಯುವವರೆಗೆ ಸವಾಲು-ಜವಾಬು ನಡೆಸುವುದುಂಟು. ಎದುರಾಳಿಯನ್ನು ಪ್ರಾಸದಲ್ಲಿ ಕೆಣಕುವುದು, ತನ್ನ ವಿದ್ಯೆಯನ್ನು ತಾನೇ ಹೊಗಳಿಕೊಳ್ಳುವುದು ಅಲ್ಲಿಯೂ ಇದೆ. ಇಂದಿನ ರ್‍ಯಾಪಿನವರು ಪರಸ್ಪರ ಕಾಳಗವೆಂದು ಮಾಡುವುದೂ ಇದನ್ನೇ. ಭೇದವೆಂದರೆ ಹರದೇಶಿಯವನು ಸೋಲಿಸಬೇಕಾದರೆ ಪುರಾಣ ತಿಳಿದಿರಬೇಕು. ಆದುದರಿಂದ ವಿದ್ಯೆಯ ಜಾತಿ ನಮ್ಮದಲ್ಲವೆಂಬ ಕಾರಣದಿಂದ ತಡಸದ ಶರಣರು ಮಗನನ್ನು ನಗಬೇಕಾದುದಿಲ್ಲ.

ಇನ್ನು ಪ್ರಶಸ್ತಿಯ ಮಾತು. 'ನಾಮನಿರ್ದೇಶನ' ಎಂಬುದು ಪ್ರಶಸ್ತಿಯಲ್ಲ. ಖಾಸಗಿ ಸಂಸ್ಥೆಗಳು ಪ್ರಶಸ್ತಿ ಕೊಡುವಾಗ ಮೊದಲು ಒಂದು ವಿಭಾಗಕ್ಕೆ ಸಾಮಾನ್ಯವಾಗಿ ಐದಾರು ಹೆಸರುಗಳನ್ನು ಆರಿಸಿ ಪ್ರಕಟಿಸುತ್ತವೆ. ಅದೇ ನಾಮನಿರ್ದೇಶನ. ಸಮಾರಂಭದ ದಿನ ಅವರಲ್ಲೊಬ್ಬರ ಹೆಸರನ್ನು ಲಕೋಟೆ ಒಡೆದು ಓದುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ೧೯೫೪ರಿಂದ ನಡೆದುಬಂದಿರುವ ಫಿಲ್ಮ್‌ಫೇರ್, ಅಮೆರಿಕದ ಆಸ್ಕರ್, ಸಂಗೀತಕ್ಕೆ ಮೀಸಲಾದ ಗ್ರ್ಯಾಮಿ ಇವೆಲ್ಲ ಈ ಬಗೆಯವು. ಆಸ್ಕರಿನಲ್ಲಿ ನಟರ ಹೆಸರನ್ನು ಮೊದಲು ಸೂಚಿಸುವವರು ನಟರೇ, ಕೊನೆಗೆ ಆರಿಸುವಾಗ ಆ ಅಕಾಡೆಮಿಯ ಎಲ್ಲ ಸದಸ್ಯರೂ ಮತ ಹಾಕುತ್ತಾರೆ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಾಗಲಿ ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಾಗಲಿ ಈ ಪದ್ಧತಿಯಿಲ್ಲ. ಸಮಿತಿಯವರು ನೋಡಿ, ತೂಗಿ, ನೇರವಾಗಿ ಹೆಸರನ್ನು ಪ್ರಕಟಿಸುತ್ತಾರೆ. ಆದ್ದರಿಂದ ಒಬ್ಬ ಕಲಾವಿದನ ಹೆಸರಿನ ಮುಂದೆ ಇಪ್ಪತ್ತು ನಾಮನಿರ್ದೇಶನಗಳಿವೆಯೆಂದರೆ ಇಪ್ಪತ್ತು ಸಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತಿದ್ದನೆಂದು ತಿಳಿಯಬೇಕು. ಕುಳಿತುಕೊಳ್ಳುವುದೂ ಒಂದು ಮರ್ಯಾದೆಯೇ. ಆದರೆ ಎಲೆಗೆ ಬಡಿಸಿದ್ದು ಎಷ್ಟು ಸಲ ಎಂಬುದನ್ನು ಬೇರೆಯಾಗಿ ಎಣಿಸಬೇಕು. ಮಗನು ತೋರಿಸಿದ ಪಟ್ಟಿಯಲ್ಲಿ ಇವೆರಡೂ ಒಟ್ಟಿಗೆ ಬೆರೆತು ಉದ್ದವಾಗಿ ಕಂಡಿರಬೇಕು.

ರ್‍ಯಾಪಿನಿಂದ ನಟನೆಗೆ ಬಂದು ಇಂಥ ಪಟ್ಟಿಯನ್ನು ಗಳಿಸಿದವರಲ್ಲಿ ಲೋಕಪ್ರಸಿದ್ಧನಾದವನು ಅಮೆರಿಕದ ವಿಲ್ ಸ್ಮಿತ್. ಗ್ರ್ಯಾಮಿ ಸಂಸ್ಥೆಯು ರ್‍ಯಾಪಿಗೆಂದು ಮೊಟ್ಟಮೊದಲ ಪ್ರಶಸ್ತಿಯನ್ನು ಸ್ಥಾಪಿಸಿದ್ದು ೧೯೮೯ರಲ್ಲಿ. ಅದು ದೊರೆತದ್ದು ಇವನಿಗೂ ಇವನ ಜೊತೆಗಾರನಿಗೂ. ಆದರೆ ಆ ಪ್ರಶಸ್ತಿಪ್ರದಾನವನ್ನು ದೂರದರ್ಶನದಲ್ಲಿ ತೋರಿಸುವುದಿಲ್ಲವೆಂದು ತಿಳಿದಾಗ, ನಮ್ಮ ಕಲೆಯನ್ನು ಹಿತ್ತಲ ಬಾಗಿಲಲ್ಲಿ ಕೂಡಿಸುವುದಾದರೆ ನಾವು ಬರುವುದಿಲ್ಲವೆಂದು ಅವರು ಸಮಾರಂಭವನ್ನೇ ಬಹಿಷ್ಕರಿಸಿದರು. ಈ ಸಂಗತಿ ನನಗೆ ಮೆಚ್ಚುಗೆಯಾಯಿತು. ಮುಂದೆ ಅವನಿಗೆ ಗ್ರ್ಯಾಮಿ ಒಟ್ಟು ೪ ಸಲ ಬಂದಿತು. ನಟನಾಗಿ ಆಸ್ಕರಿಗೆ ೩ ಬಾರಿ ಹೆಸರು ಸೂಚಿತವಾಯಿತು. ಮುಷ್ಟಿಕಾಳಗದ ಮಹಮ್ಮದ್ ಅಲಿಯ ಪಾತ್ರಕ್ಕೆ ಬರಲಿಲ್ಲ, ಮಗನನ್ನು ಎತ್ತಿಕೊಂಡು ಬಡತನದಲ್ಲಿ ಅಲೆಯುವ ತಂದೆಯ ಪಾತ್ರಕ್ಕೂ ಬರಲಿಲ್ಲ. ಟೆನಿಸ್ ಆಟಗಾರ್ತಿಯರಾದ ವಿಲಿಯಮ್ಸ್ ಸಹೋದರಿಯರ ತಂದೆಯ ಪಾತ್ರಕ್ಕೆ ೨೦೨೨ರ ಮಾರ್ಚ್ ೨೭ರಂದು ಬಂದಿತು. ಮೊದಲ ಗ್ರ್ಯಾಮಿಯಿಂದ ಈ ಆಸ್ಕರಿನವರೆಗೆ ೩೩ ವರ್ಷಗಳು. ಅದೇ ರಾತ್ರಿ, ಪ್ರಶಸ್ತಿ ಕೈಗೆ ಬರುವುದಕ್ಕೆ ಸ್ವಲ್ಪ ಮೊದಲು, ತನ್ನ ಹೆಂಡತಿಯನ್ನು ಕುರಿತು ವೇದಿಕೆಯ ಮೇಲೆ ಹಾಸ್ಯವಾಡಿದ ವಿನೋದಗಾರನ ಬಳಿಗೆ ಎದ್ದುಹೋಗಿ ಎಲ್ಲರೆದುರು ಕೆನ್ನೆಗೆ ಹೊಡೆದನು. ಹನ್ನೆರಡು ದಿನಗಳ ತರುವಾಯ ಅಕಾಡೆಮಿಯು ತನ್ನ ಯಾವ ಸಮಾರಂಭಕ್ಕೂ ೧೦ ವರ್ಷ ಬರಕೂಡದೆಂದು ಅವನಿಗೆ ವಿಧಿಸಿತು. ಪ್ರಶಸ್ತಿಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ನಟನೆಗೆ ಕೊಟ್ಟದ್ದು ನಟನೆಯದು, ನಡತೆಗೆ ಕೊಟ್ಟದ್ದು ನಡತೆಯದು ಎಂದು ಅವರು ಬೇರ್ಪಡಿಸಿದರು. ನುಡಿಯೂ ನಡೆಯೂ ಒಂದಾಗಿರಬೇಕೆಂದು ಕಲಿತುಬಂದ ನಮಗೆ ಈ ಲೆಕ್ಕ ಸುಲಭಕ್ಕೆ ಹಿಡಿಸುವುದಿಲ್ಲ. ಆದರೂ ಅವರ ಲೆಕ್ಕವನ್ನು ಅವರ ಲೆಕ್ಕವೆಂದೇ ತಿಳಿಯಬೇಕಷ್ಟೆ.

ನಮ್ಮ ದೇಶದಲ್ಲಿಯೂ ಈ ಕಲೆಗೆ ಮನ್ನಣೆ ಬಂದಿದೆ. ಮುಂಬಯಿಯ ಕೊಳಚೆಗೇರಿಯ ರ್‍ಯಾಪ್ ಹುಡುಗನ ಕಥೆಯುಳ್ಳ 'ಗಲ್ಲಿ ಬಾಯ್' ಎಂಬ ಹಿಂದಿ ಚಿತ್ರವು ೨೦೨೦ರಲ್ಲಿ ೧೩ ಫಿಲ್ಮ್‌ಫೇರ್ ಪ್ರಶಸ್ತಿಗಳನ್ನು ಪಡೆಯಿತು. ಅದರಲ್ಲಿ ಗೀತರಚನೆಯ ಪ್ರಶಸ್ತಿ ಡಿವೈನ್ ಎಂಬ ಹೆಸರಿನ ರ್‍ಯಾಪ್ ಗಾಯಕನಿಗೂ ಅಂಕುರ್ ತಿವಾರಿ ಎಂಬವರಿಗೂ ಜೊತೆಯಾಗಿ ಸಂದಿತು.

ಕನ್ನಡದಲ್ಲಿ ರ್‍ಯಾಪ್ ಹಾಡಿ ಮನೆಮಾತಾಗಿ, ಬಳಿಕ ಚಿತ್ರಗಳಲ್ಲಿ ನಟನೂ ಆದವರು ಚಂದನ್ ಶೆಟ್ಟಿ. ಮೊದಲು ಅವರಿಗೆ ಹೆಸರು ತಂದದ್ದು ಮದ್ಯದ ಅಳತೆಯ ಮೇಲೆ ಕಟ್ಟಿದ ಹಾಡು. ಅದನ್ನಿಲ್ಲಿ ಹೆಸರಿಸಲಾರೆ, ನಮ್ಮ ಓದುಗರ ಮನೆಯ ಮಕ್ಕಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ೨೦೧೮ರ ಜನವರಿಯಲ್ಲಿ ಅವರು 'ಬಿಗ್ ಬಾಸ್' ಎಂಬ ದೂರದರ್ಶನದ ಸ್ಪರ್ಧೆಯ ಐದನೆಯ ಆವೃತ್ತಿಯಲ್ಲಿ ಜಯಶಾಲಿಯಾದರು. ಅದು ಪ್ರೇಕ್ಷಕರ ಮತಗಳಿಂದ ಬಂದ ಗೆಲುವು, ಕಲಾವಿಮರ್ಶಕರು ಕೂಡಿ ಕೊಟ್ಟ ಪ್ರಶಸ್ತಿಯಲ್ಲ. ೨೦೨೪ರಲ್ಲಿ ತೆರೆಕಂಡ 'ವಿದ್ಯಾರ್ಥಿ ವಿದ್ಯಾರ್ಥಿನಿಯರೇ' ಚಿತ್ರದಲ್ಲಿ ನಟಿಸಿದರು. ಆದರೆ ಅವರ ವಿಷಯದಲ್ಲಿ ನಮ್ಮ ಸಮಾಜಕ್ಕೆ ಮುಖ್ಯವಾದದ್ದು ಇವೆರಡೂ ಅಲ್ಲ, ೨೦೨೦ರ ಆಗಸ್ಟಿನ ಒಂದು ಪ್ರಕರಣ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಲೆ ಮಹದೇಶ್ವರರ ಕಾವ್ಯವನ್ನು ಚಾಮರಾಜನಗರದ ಕಡೆಯ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಶರಣೆ ಸಂಕಮ್ಮನ ಕಥೆ ಒಂದು ಭಾಗ. ಜೇನು ತರಲು ಕಾಡಿಗೆ ಹೊರಟ ಗಂಡ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ ಅವಳನ್ನು ಕ್ರೂರವಾಗಿ ಕಟ್ಟುಪಾಡಿಗೆ ಒಳಪಡಿಸುತ್ತಾನೆ. ಮಾದಪ್ಪನು ಜಂಗಮರೂಪದಿಂದ ಅವಳ ಬಾಗಿಲಿಗೆ ಬಂದು ಅವಳನ್ನು ಸಂಕಟದಿಂದ ಬಿಡಿಸಿ ಸಂತಾನದ ವರವನ್ನೀಯುತ್ತಾನೆ. ಆ ಜಂಗಮನು ಕೋರಣ್ಯಕ್ಕೆ ಬರುವ ಸಂದರ್ಭದ ಹಾಡೇ 'ಕೋಲುಮಂಡೆ ಜಂಗಮದೇವ'. (ಕೋರಣ್ಯವೆಂದರೆ ನಮ್ಮ ಕಡೆಯ ಕೋರಾನ್ನ. ಹಳಬರು ಈಗಲೂ ಈ ಮಾತನ್ನು ಬಳಸುತ್ತಾರೆ.) ಈ ಜಾನಪದ ಗೀತೆಯನ್ನು ಟಿ. ಎಸ್. ನಾಗಾಭರಣರು ೧೯೯೬ರ 'ಜನುಮದ ಜೋಡಿ' ಚಿತ್ರದಲ್ಲಿ ಅಳವಡಿಸಿದರು. ಸಂಗೀತ ವಿ. ಮನೋಹರ್ ಅವರದು, ಹಾಡಿದವರು ಎಲ್. ಎನ್. ಶಾಸ್ತ್ರಿ. ಹಳ್ಳಿಹಳ್ಳಿಯ ಜಾತ್ರೆ, ಮದುವೆಯ ಹಂದರಗಳಲ್ಲಿ ಅದು ಮೊಳಗಿತು. ರಾಜ್ಯ ಸರ್ಕಾರವು ಆ ಹಾಡಿಗಾಗಿ ಶಾಸ್ತ್ರಿಯವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿಯನ್ನಿತ್ತು ಗೌರವಿಸಿತು. ೨೦೧೭ರಲ್ಲಿ ಅವರು ತೀರಿಕೊಂಡಾಗ ಜನ ಮೊದಲು ನೆನೆದದ್ದೂ ಆ ಹಾಡನ್ನೇ.

ಅದೇ ಹಾಡನ್ನು ಚಂದನ್ ಶೆಟ್ಟಿಯವರು ೨೦೨೦ರ ಗಣೇಶ ಚತುರ್ಥಿಯ ಸುಮಾರಿಗೆ ರ್‍ಯಾಪಿಗೆ ಅಳವಡಿಸಿ ದೃಶ್ಯಗೀತೆಯನ್ನಾಗಿ ಬಿಡುಗಡೆ ಮಾಡಿದರು. ಅದರಲ್ಲಿ ಸಂಕಮ್ಮನನ್ನು ತೋರಿಸಿದ ರೀತಿ ಮಹದೇಶ್ವರರ ಭಕ್ತರ ಮನಸ್ಸನ್ನು ನೋಯಿಸಿತು, ಪ್ರತಿಭಟನೆಯಾಯಿತು. ಚಂದನ್ ಶೆಟ್ಟಿಯವರು ಬಹಿರಂಗವಾಗಿ ಕ್ಷಮೆ ಕೇಳಿದರು, ದೃಶ್ಯಗೀತೆಯನ್ನು ಹಿಂತೆಗೆದುಕೊಳ್ಳಲಾಯಿತು. ತರುಣನು ಹಟ ಹಿಡಿಯದೆ ಕ್ಷಮೆ ಬೇಡಿದ್ದನ್ನು ನಾವು ದೊಡ್ಡದೆಂದೇ ಎಣಿಸಬೇಕು. ಅಂದಿನ ಕೋಪದಲ್ಲಿ ಕೆಲವರು ರ್‍ಯಾಪನ್ನೇ ದೂಷಿಸಿದರು. ಅದು ವಿವೇಕವಲ್ಲ. ಚಿತ್ರದಲ್ಲಿಯೂ ಆಧುನಿಕ ವಾದ್ಯಗಳಿದ್ದುವು, ಕುಣಿತವಿದ್ದಿತು. ಆದರೂ ಭಕ್ತರು ಎದೆಗವಚಿಕೊಂಡರು. ಒಂದಕ್ಕೆ ಪ್ರಶಸ್ತಿ ಬಂದು ಇನ್ನೊಂದಕ್ಕೆ ಪ್ರತಿಭಟನೆ ಬಂದುದಕ್ಕೆ ಕಾರಣ ತಾಳದ ವೇಗವಲ್ಲ. ಸಂಕಮ್ಮನು ಆ ಹಾಡಿನಲ್ಲಿ ಯಾರೆಂಬುದನ್ನು ಒಂದು ಕಡೆಯವರು ನೆನಪಿಟ್ಟುಕೊಂಡಿದ್ದರು, ಇನ್ನೊಂದು ಕಡೆ ಅದು ಮರೆತುಹೋಗಿತ್ತು. ಅವಳು ಗಂಡನ ಸಂಶಯದ ಬೆಂಕಿಯಲ್ಲಿ ಬೆಂದ ಹೆಣ್ಣುಮಗಳು. ಅವಳ ಕಥೆಗೆ ಕಣ್ಣೀರಿಡುತ್ತ ಕೇಳುವ ತಾಯಂದಿರು ಮಾದಪ್ಪನ ಬೆಟ್ಟದ ಸುತ್ತ ಸಾವಿರಾರು ಮಂದಿಯಿದ್ದಾರೆ. ಅವಳನ್ನು ಕಣ್ಣಿಗೆ ಹಬ್ಬವಾಗಿ ನಿಲ್ಲಿಸಿದರೆ ಆ ಕಣ್ಣೀರಿಗೆ ಅವಮಾನವಾಗದೆ ಹೋದೀತೆ? ನನ್ನ ಅಭಿಪ್ರಾಯದಲ್ಲಿ ಅದೇ ಹುಡುಗರು ದೇವರಗುಡ್ಡರೊಬ್ಬರ ಪಕ್ಕದಲ್ಲಿ ಎರಡು ರಾತ್ರಿ ಕುಳಿತು ಆ ಸಾಲನ್ನು ಕೇಳಿ, ಬಳಿಕ ಅದೇ ಓಟದ ಲಯದಲ್ಲಿ ಸಂಕಮ್ಮನ ನೋವನ್ನು ಹೇಳಿದ್ದರೆ ಭಕ್ತರೇ ಅವರಿಗೆ ಶಾಲು ಹೊದಿಸುತ್ತಿದ್ದರು. ರ್‍ಯಾಪ್ ಹುಟ್ಟಿದ್ದೇ ನೊಂದವರ ಬಾಯಿಯಾಗಿ ತಾನೆ?

ಹಾಡುವವರು ನಟರಾಗುವುದು, ನಟರು ಹಾಡುವುದು ನಮ್ಮ ಸೀಮೆಯ ಹಳೆಯ ಸಂಪ್ರದಾಯ. ಲಿಂ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಪ್ರಹ್ಲಾದ, ಧ್ರುವರಾಗಿ ನಿಂತವರು. ೧೯೧೦ರಲ್ಲಿ ಜನಿಸಿದ ಅವರಿಗೆ ಪದ್ಮಶ್ರೀ ಬಂದದ್ದು ೧೯೭೦ರಲ್ಲಿ, ಪದ್ಮಭೂಷಣ ೧೯೭೬ರಲ್ಲಿ, ಪದ್ಮವಿಭೂಷಣವಂತೂ ಲಿಂಗೈಕ್ಯರಾದ ೧೯೯೨ನೆಯ ವರ್ಷದಲ್ಲಿಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಲಿಂ. ಪುಟ್ಟರಾಜ ಗವಾಯಿಗಳು ಅಂಧ ಅನಾಥ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು, ತಾವೇ ನಾಟಕ ಬರೆದರು. ಅವರಿಗೆ ಪದ್ಮಭೂಷಣ ಬಂದ ೨೦೧೦ರಲ್ಲಿ ಅವರ ವಯಸ್ಸು ೯೬. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. ಏಣಗಿ ಬಾಳಪ್ಪನವರು 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನವರ ಪಾತ್ರವನ್ನು ಹಾಡಿ ನಟಿಸಿದಾಗ ಹಳ್ಳಿಯ ಜನ ರಂಗದ ಮೇಲೆ ಬಂದು ಕಾಲಿಗೆರಗುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಹಂಪಿ ವಿಶ್ವವಿದ್ಯಾಲಯದ ನಾಡೋಜವೂ ಅವರಿಗೆ ಸಂದುವು. ೨೦೧೭ರಲ್ಲಿ ಅವರು ನೂರು ದಾಟಿ ತೀರಿಕೊಂಡರು. ತಡಸಕ್ಕೆ ಹತ್ತಿರದ ಶಿಶುನಾಳದ ಶರೀಫ ಸಾಹೇಬರಿಗಂತೂ ಬದುಕಿರುವಾಗ ಯಾರೂ ಯಾವ ಪ್ರಶಸ್ತಿಯನ್ನೂ ಕೊಡಲಿಲ್ಲ. ಅವರು ಕಣ್ಮರೆಯಾಗಿ ನೂರು ವರ್ಷಗಳಾದ ಮೇಲೆ ಅವರ ಮೇಲೆ ತೆಗೆದ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಅದರ ನಿರ್ದೇಶಕರೂ ನಾಗಾಭರಣರೇ.

ಇದರಿಂದ ಪತ್ರ ಬರೆದ ಶರಣರಿಗೆ ನಾನು ಹೇಳುವುದಿಷ್ಟು. ಮಗನಿಗೆ ಪಟ್ಟಿಯ ಮೋಹವೇನೂ ಅಪರಾಧವಲ್ಲ. ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂದು ಕಂಡ ಹುಡುಗನು ಬೇರೆಯವರು ಕೊಟ್ಟ ಬೆಲೆಯನ್ನು ಸಾಕ್ಷಿಗೆ ಕರೆದಿದ್ದಾನೆ, ಅಷ್ಟೆ. ಅವನು ಕಟ್ಟಿದ್ದನ್ನು ತಾವು ಇದುವರೆಗೆ ಒಮ್ಮೆಯಾದರೂ ಪೂರ್ತಿ ಕೇಳಿದ್ದೀರಾ? ತಮ್ಮ ನಾಲ್ಕು ಪುಟಗಳ ಪತ್ರದಲ್ಲಿ ಅವನ ಪ್ರಾಸದ ಒಂದು ಮಾತೂ ಇಲ್ಲ. ಕೇಳಿರಿ. ಹೊಲಸು ಮಾತಿದ್ದರೆ ತಿದ್ದಿರಿ, ಪೊಳ್ಳಾಗಿದ್ದರೆ ಪೊಳ್ಳೆನ್ನಿರಿ. ಪದವಿಯನ್ನು ಮುಗಿಸಲೇಬೇಕೆಂದು ತಾವು ಹಾಕಿದ ಕಟ್ಟಳೆ ಸರಿಯಾದದ್ದೇ, ಅದನ್ನು ಸಡಿಲಿಸಬೇಕಾಗಿಲ್ಲ. ಪ್ರಶಸ್ತಿಯಿಂದ ಹೊಟ್ಟೆ ತುಂಬುವುದಿಲ್ಲವೆಂಬುದು ಮನಸೂರರ, ಗವಾಯಿಗಳ ವರ್ಷಗಳನ್ನು ನೋಡಿದರೆ ಅವನಿಗೂ ತಿಳಿದೀತು. ಇಪ್ಪತ್ತರ ವಯಸ್ಸಿನಲ್ಲಿ ಬಂದ ಹೆಸರು ನಲವತ್ತಕ್ಕೆ ಉಳಿಯಬೇಕಾದರೆ ನಡುವೆ ಏನು ಕಲಿಯಬೇಕೆಂಬುದನ್ನು ಅವನೇ ಯೋಚಿಸಲಿ.

ಮತ್ತೊಂದು ಮಾತು. ಜಾನಪದ ವಿಶ್ವವಿದ್ಯಾಲಯವು ೨೦೧೧ರಿಂದ ತಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿಯೇ ಇದೆ. ರಾಜ್ಯದ ಜಾನಪದ ಅಕಾಡೆಮಿಯು ವರ್ಷವರ್ಷವೂ ಜಿಲ್ಲೆಗಳ ಕಲಾವಿದರನ್ನು ಆರಿಸಿ ಪ್ರಶಸ್ತಿ ಕೊಡುತ್ತದೆ, ಮುಪ್ಪಿನ ಕಲಾವಿದರಿಗೆ ಸರ್ಕಾರದಿಂದ ಮಾಸಾಶನವೂ ಉಂಟು. ಆದರೆ ಅರ್ಜಿ ಬರೆಯಲು ಬಾರದ, ಬರೆದುಕೊಡುವವರಿಲ್ಲದ ಪುರವಂತರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಒಡಪುಗಳು ಬಾಯಿಯಿಂದ ಬಾಯಿಗೆ ಬಂದವು. ಎಷ್ಟೋ ಕಡೆ ಕೇಳಿ ಕಲಿಯುವ ಹುಡುಗರಿಲ್ಲ. ಮಗನ ಮೊಬೈಲಿನಲ್ಲಿ ಧ್ವನಿ ಮುದ್ರಿಸುವ ಸೌಕರ್ಯವಿದೆಯೆಂದು ಪತ್ರದಲ್ಲಿಯೇ ಬರೆದಿದ್ದೀರಿ. ಈ ಸಲ ಊರಲ್ಲಿ ಗುಗ್ಗಳ ತೆಗೆದಾಗ ಅವನನ್ನು ಸಮ್ಮಾಳದವರ ಹತ್ತಿರ ನಿಲ್ಲಿಸಿರಿ, ಮುಗಿದ ಮೇಲೆ ಪುರವಂತರ ಜೊತೆ ಊಟಕ್ಕೆ ಕೂಡಿಸಿರಿ. ಅವರ ಅರ್ಜಿಯನ್ನೂ ಅವನೇ ತುಂಬಿಕೊಡಲಿ. ಅವನು ಬರೆದುಕೊಂಡ ಒಡಪಿನ ಒಂದು ಪ್ರತಿಯನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ, ಪಾಠವನ್ನು ಪರಿಶೀಲಿಸಿ ಪ್ರಕಟಿಸುವ ಹೊಣೆ ನನ್ನದು.